ಮಾತ್ರೆ ಕೊಟ್ಟಾಯಿತು, ರೇಷನ್ ಕಾರ್ಡಿನ ವಿಷಯ ಕೇಳಿದಿರಾ? ಆರೋಗ್ಯ ಕೇಂದ್ರಕ್ಕೆ ಬರುವ ರೋಗಿಯ ಕಾನೂನು, ಸಾಮಾಜಿಕ ತೊಂದರೆಗಳಿಗೊಂದು ಮಾರ್ಗದರ್ಶಿ

ಬಿ.ಪಿ. ಮಾತ್ರೆಯನ್ನು ತಿಂಗಳಿಗೊಮ್ಮೆ ತಪ್ಪದೆ ಒಯ್ಯುತ್ತಾರೆ, ಆದರೂ ಬಿ.ಪಿ. ಇಳಿಯುವುದಿಲ್ಲ. ಟಿ.ಬಿ. ಮಾತ್ರೆ ಎರಡು ತಿಂಗಳು ನುಂಗಿದವರು ಮೂರನೆಯ ತಿಂಗಳು ಊರಲ್ಲೇ ಇರುವುದಿಲ್ಲ. ತಾಯಿಗೆ ಎಷ್ಟು ತಿಳಿಹೇಳಿದರೂ ಮಗುವಿನ ತೂಕ ಏರುವುದಿಲ್ಲ. ಇಂಥವರನ್ನು ‘ಹೇಳಿದ ಮಾತು ಕೇಳದವರು’ ಎಂದು ನಾವು ಬಹಳ ಬೇಗ ತೀರ್ಮಾನ ಮಾಡಿಬಿಡುತ್ತೇವೆ. ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಮಾತಾಡಿಸಿದರೆ ಬೇರೆಯೇ ಸಂಗತಿ ಹೊರಬರುತ್ತದೆ. ಬಿಪಿಎಲ್ ಕಾರ್ಡು ಎಪಿಎಲ್ ಆಗಿದೆ. ಗಂಡ ತೀರಿಹೋಗಿ ವರ್ಷ ಕಳೆದರೂ ಜಮೀನು ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ. ಸಾಲ ಕೊಟ್ಟವರು ಬೆಳಗಾದರೆ ಬಾಗಿಲಲ್ಲಿ ಕೂರುತ್ತಾರೆ. ಕುಡಿದು ಬಂದ ಗಂಡ ಮಾತ್ರೆಯನ್ನೇ ಚರಂಡಿಗೆ ಎಸೆಯುತ್ತಾನೆ.

ಇವಕ್ಕೆಲ್ಲ ಡಾಕ್ಟರ ಬಳಿ ಔಷಧಿ ಇಲ್ಲ. ಆದರೆ ಒಂದೊಂದಕ್ಕೂ ಒಂದು ಕಚೇರಿ, ಒಂದು ಅರ್ಜಿ, ಬಹುಪಾಲು ಒಂದು ಕಾನೂನೂ ಇದೆ. ಅಲ್ಲಿಯವರೆಗೆ ರೋಗಿಯನ್ನು ತಲುಪಿಸುವವರು ಯಾರು ಎಂಬುದೇ ಪ್ರಶ್ನೆ. ಅಮೆರಿಕದ ಬಾಸ್ಟನ್ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯ ಬ್ಯಾರಿ ಜುಕರ್‌ಮನ್ 1993ರಲ್ಲಿ ತಮ್ಮ ವಿಭಾಗದೊಳಗೇ ವಕೀಲರನ್ನು ಸೇರಿಸಿಕೊಂಡರು. ಬೂಷ್ಟು ಹಿಡಿದ ಬಾಡಿಗೆ ಮನೆಯಲ್ಲಿ ಮಲಗುವ ಮಗುವಿಗೆ ಅಸ್ತಮಾ ಔಷಧಿ ಎಷ್ಟು ಕೊಟ್ಟರೂ ಸಾಲದು, ಮನೆ ಮಾಲೀಕನಿಂದ ಗೋಡೆ ರಿಪೇರಿ ಮಾಡಿಸಬೇಕು ಎಂಬುದು ಅವರಿಗೆ ಅರ್ಥವಾಗಿತ್ತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಕೀಲರ ಕುರ್ಚಿ ಇಲ್ಲ. ಆದರೆ ತಾಲೂಕು ಕೋರ್ಟಿನ ಆವರಣದಲ್ಲಿ ಉಚಿತ ಕಾನೂನು ಸೇವೆ ಇದೆ, ಹೋಬಳಿಗೊಂದು ನಾಡಕಚೇರಿ ಇದೆ, ಊರೂರಿಗೆ ಆಶಾ ಕಾರ್ಯಕರ್ತೆ ಇದ್ದಾರೆ. ಇವನ್ನು ಒಂದಕ್ಕೊಂದು ಜೋಡಿಸುವವರು ಬೇಕು.

ನೀವು ಆಶಾ ಇರಬಹುದು, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಇರಬಹುದು, ನಮ್ಮ ಕ್ಲಿನಿಕ್ಕಿನ ಸಿಸ್ಟರ್ ಇರಬಹುದು, ಸ್ವಸಹಾಯ ಸಂಘದ ಸದಸ್ಯೆಯೋ ಮನೆಯಲ್ಲೇ ರೋಗಿಯನ್ನು ನೋಡಿಕೊಳ್ಳುತ್ತಿರುವ ಮಗಳೋ ಇರಬಹುದು. ಈ ಕೆಲಸಕ್ಕೆ ಕಾನೂನು ಪದವಿ ಬೇಕಿಲ್ಲ. ಯಾವ ತೊಂದರೆಗೆ ಯಾವ ಬಾಗಿಲು ಎಂದು ತಿಳಿದಿದ್ದು, ಕೆಲಸ ಮುಗಿಯುವವರೆಗೆ ಬೆನ್ನು ಬಿಡದಿದ್ದರೆ ಸಾಕು.

ಹೆಜ್ಜೆ 1: ಕೇಳುವುದು

‘ಏನಾದರೂ ತೊಂದರೆ ಇದೆಯಾ?’ ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಮಂದಿ ‘ಏನೂ ಇಲ್ರೀ’ ಎನ್ನುತ್ತಾರೆ. ಮರ್ಯಾದೆಯ ಪ್ರಶ್ನೆ ಅದು. ಇನ್ನು ಕೆಲವರಿಗೆ ತಮ್ಮ ಕಷ್ಟಕ್ಕೆ ಆರೋಗ್ಯ ಕೇಂದ್ರದಲ್ಲಿ ಕೇಳುವವರಿದ್ದಾರೆ ಎಂಬುದೇ ಗೊತ್ತಿಲ್ಲ. ಆದ್ದರಿಂದ ಪ್ರಶ್ನೆ ನೇರವಾಗಿರಲಿ, ದಿನದ ಬದುಕಿನ ಮಾತಿನಲ್ಲಿರಲಿ:

‘ಈ ತಿಂಗಳ ರೇಷನ್ ಬಂತೇನಮ್ಮ? ಕಾರ್ಡಿನಲ್ಲಿ ಎಲ್ಲರ ಹೆಸರೂ ಇದೆಯಾ?’
‘ಪಿಂಚಣಿ ಕೊನೆಯ ಸಲ ಯಾವಾಗ ಬಂತು ಅಜ್ಜಿ?’
‘ಇಲ್ಲಿಗೆ ಬಂದರೆ ಇವತ್ತಿನ ಕೂಲಿ ಹೋಗುತ್ತಲ್ಲ, ಮಾಲೀಕರು ಏನಾದರೂ ಅಂತಾರಾ?’
‘ಇರುವ ಮನೆ ಸ್ವಂತದ್ದಾ? ಖಾಲಿ ಮಾಡಿ ಅಂತ ಯಾರಾದರೂ ಹೇಳ್ತಿದ್ದಾರಾ?’
‘ಸಾಲದ ಕಂತು ವಾರಕ್ಕೆ ಎಷ್ಟು ಕಟ್ಟಬೇಕು? ಕಟ್ಟೋಕೆ ಆಗದಿದ್ದರೆ ಏನು ಮಾಡ್ತಾರೆ?’
‘ಮನೆಯಲ್ಲಿ ಯಾರಾದರೂ ಹೊಡೆಯೋದು, ಬೈಯೋದು, ಹೆದರಿಸೋದು ಇದೆಯಾ ಅಕ್ಕ?’

ಕೊನೆಯ ಪ್ರಶ್ನೆಯನ್ನು ಹೆಣ್ಣುಮಗಳು ಒಬ್ಬಳೇ ಇರುವಾಗ ಮಾತ್ರ ಕೇಳಬೇಕು. ಜೊತೆಗೆ ಗಂಡನೋ ಅತ್ತೆಯೋ ಬಂದಿದ್ದರೆ ಅವರನ್ನು ತೂಕ ನೋಡಿಸಿಕೊಳ್ಳಲೋ ಓಪಿಡಿ ಚೀಟಿ ಮಾಡಿಸಲೋ ಕಳಿಸಿ. ಅದಕ್ಕೆ ಅವಕಾಶ ಸಿಗದಿದ್ದರೆ ಆ ದಿನ ಕೇಳಬೇಡಿ. ಮನೆ ಭೇಟಿಯಲ್ಲಿ, ಪಕ್ಕದ ಕೋಣೆಯಲ್ಲಿ ಕಿವಿ ಇರುವಾಗಲೂ ಕೇಳಬೇಡಿ. ತಪ್ಪು ಹೊತ್ತಿನಲ್ಲಿ ಕೇಳಿದ ಒಂದು ಪ್ರಶ್ನೆಗೆ ಅವಳು ಆ ರಾತ್ರಿ ಏಟು ತಿನ್ನಬೇಕಾಗಬಹುದು.

ಕೇಳಿದ್ದನ್ನು ಎಲ್ಲರ ಕಣ್ಣಿಗೆ ಬೀಳುವ ರಿಜಿಸ್ಟರಿನಲ್ಲಿ ಬರೆಯಬೇಡಿ. ಎಚ್‌ಐವಿ ಇರುವವರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸುತ್ತದೆ. ಉಳಿದ ಕಾಯಿಲೆಗಳಿಗೂ ಅದೇ ಎಚ್ಚರ ಇರಲಿ. ನಾಡಕಚೇರಿಯ ಅರ್ಜಿಗೆ ಕಾಯಿಲೆಯ ಹೆಸರು ಬೇಕಿಲ್ಲದಿದ್ದರೆ ಅದನ್ನು ಅಲ್ಲಿ ಹೇಳಲೇಬೇಡಿ.

ಒಂದು ಕಡೆ ಮಾತ್ರ ಗುಟ್ಟು ಕಾಯುವುದಾಗಿ ಮಾತು ಕೊಡುವಂತಿಲ್ಲ. ಹದಿನೆಂಟು ತುಂಬದ ಹುಡುಗಿ ಗರ್ಭಿಣಿಯಾಗಿ ಬಂದರೆ, ಅಥವಾ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ, ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಯಾರಿಗೂ ಹೇಳಲ್ಲ’ ಎಂದು ಭಾಷೆ ಕೊಟ್ಟು ಆಮೇಲೆ ತಪ್ಪಿದರೆ ಆ ಮಗು ಜನ್ಮದಲ್ಲಿ ಮತ್ತೆ ಆಸ್ಪತ್ರೆಯವರನ್ನು ನಂಬುವುದಿಲ್ಲ. ಮೊದಲೇ ಮೆಲ್ಲಗೆ, ನಿಜ ಹೇಳಿ.

ಹೆಜ್ಜೆ 2: ಇವತ್ತೇ ಆಗಬೇಕಾದದ್ದು ಯಾವುದು?

ಜೀವಕ್ಕೆ ಕುತ್ತು ತರುವ ತೊಂದರೆಯನ್ನು ಮೊದಲು ನೋಡಿ. ಪೊಲೀಸರ ತುರ್ತು ನೆರವಿಗೆ 112, ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 14567, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ಉಚಿತ ಕಾನೂನು ನೆರವಿಗೆ 15100. ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಔಷಧಿ ಕೊಡುವ ಕಿಟಕಿಯ ಪಕ್ಕ ಅಂಟಿಸಿ. ಹೆಂಗಸರ ಶೌಚಾಲಯದ ಬಾಗಿಲ ಒಳಬದಿಯಲ್ಲೂ ಒಂದು ಇರಲಿ, ಅಲ್ಲಿ ಯಾರ ಕಣ್ಣಿಗೂ ಬೀಳದೆ ನಂಬರ್ ಬರೆದುಕೊಳ್ಳಬಹುದು.

ಕೀಟನಾಶಕ ಕುಡಿದವರನ್ನು ‘ಪೊಲೀಸ್ ಕೇಸ್ ಆಗುತ್ತೆ’ ಎಂಬ ಹೆದರಿಕೆಯಿಂದ ಮನೆಯಲ್ಲೇ ಇಟ್ಟುಕೊಂಡು ಉಪ್ಪು ನೀರು ಕುಡಿಸುತ್ತಾ ಕೂರುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಡೆಯುತ್ತದೆ. ಆ ಹೊತ್ತಿನಲ್ಲಿ ಕಳೆದ ಒಂದೊಂದು ಗಳಿಗೆಯೂ ಜೀವಕ್ಕೆ ಎರವು. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ವೈದ್ಯಕೀಯ ದಾಖಲೆ ಬರೆಯುತ್ತಾರೆ, ಪೊಲೀಸರು ಹೇಳಿಕೆ ಪಡೆಯಬಹುದು, ಅದು ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಪರಿಗಣಿಸುತ್ತದೆ. ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರನ್ನು ಕರ್ತವ್ಯದಲ್ಲಿ ಮಣಿಸಲು ಆತ್ಮಹತ್ಯೆಗೆ ಯತ್ನಿಸುವುದು ಮಾತ್ರ ಅದರಲ್ಲಿ ಅಪರಾಧ. ಸಾಲ, ಜಗಳ, ನೋವಿಗೆ ಬೇಸತ್ತು ವಿಷ ಕುಡಿದವರನ್ನು ಜೈಲಿಗೆ ಹಾಕುವುದಿಲ್ಲ. ಈ ಒಂದು ಮಾತನ್ನು ಊರಿನ ಪ್ರತಿ ಸಭೆಯಲ್ಲೂ ಹೇಳಿ.

ಹೆಜ್ಜೆ 3: ಕಾಗದ ಒಂದು ಕಡೆ ಸೇರಿಸುವುದು

ಮನೆಗೊಂದು ಪ್ಲಾಸ್ಟಿಕ್ ಫೈಲು ಮಾಡಿಸಿ. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮತದಾರರ ಚೀಟಿ, ಪಹಣಿ, ತಾಯಿ ಕಾರ್ಡು, ಆಸ್ಪತ್ರೆಯ ಎಲ್ಲ ಚೀಟಿ ಅದರಲ್ಲಿರಲಿ. ಅರ್ಜಿ ನಿಂತುಹೋಗುವುದು ಬಹುತೇಕ ಮೂರು ಸಣ್ಣ ಕಾರಣಗಳಿಂದ: ಆಧಾರಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಇ-ಕೆವೈಸಿಗೆ ಬೆರಳಚ್ಚು ಕೂಡುತ್ತಿಲ್ಲ. ಕೂಲಿ ಮಾಡಿ ಬೆರಳು ಸವೆದವರಿಗೆ, ಕುಷ್ಠರೋಗದಿಂದ ಬೆರಳಿಗೆ ಹಾನಿಯಾದವರಿಗೆ ಕಣ್ಣಿನ ಗುರುತಿನಿಂದ ಮಾಡಿಸಿಕೊಡಿ ಎಂದು ಕೇಳಬೇಕು. ಅರ್ಜಿ ಹಾಕುವ ಮೊದಲೇ ಈ ಮೂರನ್ನು ನೋಡಿಕೊಂಡರೆ ಅರ್ಧ ಓಡಾಟ ಉಳಿಯುತ್ತದೆ.

ಮರಣ ಪ್ರಮಾಣಪತ್ರದ ವಿಷಯದಲ್ಲಿ ತಡ ಮಾಡಲೇಬೇಡಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಮನೆಯಲ್ಲಿ ತೀರಿಹೋದವರ ವಿಷಯದಲ್ಲಿ ಇದು ಮರೆತೇಹೋಗುತ್ತದೆ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಆ ಒಂದು ಹಾಳೆ ಇಲ್ಲದೆ ವಿಧವಾ ವೇತನ ಇಲ್ಲ, ವಂಶವೃಕ್ಷ ಇಲ್ಲ, ಪೌತಿ ಖಾತೆ ಇಲ್ಲ, ವಿಮೆ ಹಣ ಇಲ್ಲ. ನಿಮ್ಮ ವ್ಯಾಪ್ತಿಯಲ್ಲಿ ಯಾರಾದರೂ ತೀರಿಕೊಂಡರೆ, ತಿಥಿ ಮುಗಿದ ಮೇಲೆ ಒಮ್ಮೆ ಹೋಗಿ ‘ನೋಂದಣಿ ಆಯಿತಾ?’ ಎಂದು ಕೇಳಿ ಬನ್ನಿ.

ಹೆಜ್ಜೆ 4: ಯಾವ ತೊಂದರೆಗೆ ಯಾವ ಬಾಗಿಲು

ಆಸ್ಪತ್ರೆಯ ಖರ್ಚು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ರೇಷನ್ ಕಾರ್ಡು ಆರೋಗ್ಯದ ಕಾಗದವೂ ಹೌದು ಎನ್ನುವುದು ಇದಕ್ಕೇ. ಬಡವರ ಕಾರ್ಡು ತಪ್ಪಾಗಿ ಎಪಿಎಲ್‌ಗೆ ಬದಲಾಗಿದ್ದರೆ ತಾಲೂಕು ಕಚೇರಿಯ ಆಹಾರ ಶಾಖೆಗೆ ಲಿಖಿತ ಅರ್ಜಿ ಕೊಡಿ, ಗಂಭೀರ ಕಾಯಿಲೆ ಇದ್ದರೆ ಆಸ್ಪತ್ರೆಯ ಪತ್ರ ಲಗತ್ತಿಸಿ ಆದ್ಯತೆ ಕೇಳಿ. ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪಡೆಯಬೇಕು. ತುರ್ತು ಸಂದರ್ಭದಲ್ಲಿ ಅದು ಬೇಕಿಲ್ಲ, ನೇರವಾಗಿ ದಾಖಲಾಗಬಹುದು. ರೆಫರಲ್ ಇಲ್ಲದೆ ಹೋಗಿ, ಒಡವೆ ಅಡವಿಟ್ಟು ಬಿಲ್ಲು ಕಟ್ಟಿ, ಆಮೇಲೆ ‘ಯೋಜನೆ ಇತ್ತಂತೆ’ ಎಂದು ಕೇಳಿಕೊಂಡು ಬರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಆಸ್ಪತ್ರೆಯ ಬಾಗಿಲಲ್ಲೇ ಯೋಜನೆಯ ಸಹಾಯಕರಾದ ‘ಆರೋಗ್ಯ ಮಿತ್ರ’ರನ್ನು ಹುಡುಕಿ ಮಾತಾಡಿ, ಹಣ ಕೇಳಿದರೆ ಯಾವುದಕ್ಕೆ ಎಂದು ರಸೀದಿ ಪಡೆಯಿರಿ. ಬಿಲ್ಲು ಬಾಕಿ ಇದೆಯೆಂದು ಮೃತದೇಹ ಕೊಡದೆ ಇಟ್ಟುಕೊಳ್ಳುವಂತಿಲ್ಲ ಎಂದು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಚಿಕಿತ್ಸೆಯ ದಾಖಲೆಗಳ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡುವುದು ವೈದ್ಯರ ಹೊಣೆ.

ಕ್ಷಯ ಮತ್ತು ಕೂಲಿ. ಟಿ.ಬಿ. ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ, ಮೊದಲು 500 ಇತ್ತು. ಆರು ತಿಂಗಳ ಚಿಕಿತ್ಸೆಗೆ 6,000. ಬರದಿದ್ದರೆ ಟಿ.ಬಿ. ಘಟಕದ ಎಸ್‌ಟಿಎಸ್, ಅಂದರೆ ಚಿಕಿತ್ಸಾ ಮೇಲ್ವಿಚಾರಕರನ್ನು ಕೇಳಿ, ಖಾತೆ ಸಂಖ್ಯೆ ತಪ್ಪಾಗಿ ನಮೂದಾಗಿರುವುದುಂಟು. ಆದರೆ ಕೂಲಿಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ಬಂದರೆ ಸಂಬಳದ ಚೀಟಿ ತರಿಸಿ ನೋಡಿ. ಇಎಸ್‌ಐ ಎಂಬ ಕಾರ್ಮಿಕರ ವಿಮೆಗೆ ಕಡಿತ ಆಗುತ್ತಿದ್ದರೆ, ವೈದ್ಯರು ಬರೆದ ರಜೆಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಹಣ ಸಿಗುತ್ತದೆ. ಟಿ.ಬಿ. ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ, ಎರಡು ವರ್ಷ ಇಎಸ್‌ಐ ಕಟ್ಟಿದವರಿಗೆ ಶೇ. 80ರ ಲೆಕ್ಕದಲ್ಲಿ ಇನ್ನೂ ಹೆಚ್ಚು ಕಾಲ ಸಿಗುತ್ತದೆ. ಇದು ತಿಳಿಯದೆ ಕೆಲಸ ಬಿಟ್ಟು ಊರಿಗೆ ಹೋದವರು ಎಷ್ಟೋ ಮಂದಿ. ‘ರಾಜೀನಾಮೆ ಕೊಡಬೇಡ ತಾಯಿ, ಮೊದಲು ಇಎಸ್‌ಐ ಡಿಸ್ಪೆನ್ಸರಿಗೆ ಹೋಗು’ ಎಂದು ಯಾರಾದರೊಬ್ಬರು ಹೇಳಬೇಕಿತ್ತು.

ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದು ಬೆಂಗಳೂರಿನ ಕಟ್ಟಡಗಳ ಶೆಡ್ಡಿನಲ್ಲಿರುವವರಿಗೆ ರೇಷನ್ ಕಾರ್ಡು ಊರಿನಲ್ಲಿದ್ದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯುವ ಹಕ್ಕಿದೆ. ಟಿ.ಬಿ. ಚಿಕಿತ್ಸೆಯನ್ನೂ ನಿಕ್ಷಯ್ ಎಂಬ ಆನ್‌ಲೈನ್ ನೋಂದಣಿಯ ಮೂಲಕ ಊರಿಂದ ಊರಿಗೆ ವರ್ಗಾಯಿಸಬಹುದು, ಊರು ಬಿಡುವ ಮೊದಲು ಹೇಳಿದರೆ ಸಾಕು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವಯಸ್ಸಿನವರು ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಮಾಡಿಸಿಕೊಳ್ಳಬಹುದು. ಅಪಘಾತ, ಹೆರಿಗೆ, ದೊಡ್ಡ ಕಾಯಿಲೆಗೆ ಅಲ್ಲಿಂದ ನೆರವು ಉಂಟು. ಕೆಲಸದಲ್ಲಿ ಬಿದ್ದು ಪೆಟ್ಟಾಗುವ ಮೊದಲೇ ಈ ಕಾರ್ಡು ಕೈಯಲ್ಲಿರಬೇಕು.

ಅಂಗವೈಕಲ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಮಾನಸಿಕ ಕಾಯಿಲೆ, ಪಾರ್ಕಿನ್‌ಸನ್, ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಷ್ಠರೋಗ ವಾಸಿಯಾದವರ ಊನ ಕೂಡ ಅದರಲ್ಲಿವೆ. ಚಾಮರಾಜನಗರದ ಸೋಲಿಗರಂಥ ಆದಿವಾಸಿ ಸಮುದಾಯಗಳಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆಯೂ ಇದೆ. ‘ಕೈಕಾಲು ಸರಿ ಇದೆಯಲ್ಲ’ ಎಂದು ಯಾರಾದರೂ ವಾಪಸ್ ಕಳಿಸಿದರೆ ಅದು ಅವರ ತಿಳಿವಳಿಕೆಯ ಕೊರತೆ. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ, ನಂತರ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ. ಶೇ. 40 ಮತ್ತು ಅದಕ್ಕಿಂತ ಹೆಚ್ಚು ಎಂದು ಬಂದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಇದಕ್ಕೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲೂಕಿನ ಎಂಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರೇ ನಿಮ್ಮ ಮೊದಲ ಗೆಳೆಯರು. ಬಹುತೇಕರು ಸ್ವತಃ ಅಂಗವಿಕಲರು, ಕಚೇರಿಯ ಮೂಲೆ ಮೂಲೆ ಬಲ್ಲವರು. ಅವರ ನಂಬರ್ ಇಟ್ಟುಕೊಳ್ಳಿ.

ವೃದ್ಧಾಪ್ಯ, ವಿಧವಾ ಪಿಂಚಣಿ. ನಾಡಕಚೇರಿಯಲ್ಲಿ ಅರ್ಜಿ. ಸಂಧ್ಯಾ ಸುರಕ್ಷಾ ಎಂಬ ಹಿರಿಯರ ಪಿಂಚಣಿ 65 ದಾಟಿದವರಿಗೆ. ಬರುತ್ತಿದ್ದ ಪಿಂಚಣಿ ನಿಂತಿದ್ದರೆ ಹೊಸ ಅರ್ಜಿ ಹಾಕುವ ಮೊದಲು ಏಕೆ ನಿಂತಿತು ಎಂದು ಕೇಳಿ.

ಮನೆಯೊಳಗಿನ ಹಿಂಸೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಬಗ್ಗೆ ಹೆಣ್ಣುಮಕ್ಕಳಿಗೆ ಮೂರು ಮಾತು ಹೇಳಿದರೆ ಅವರ ಮುಖದ ಗೆರೆಯೇ ಬದಲಾಗುತ್ತದೆ. ಮೊದಲನೆಯದು, ಗಂಡನನ್ನು ಜೈಲಿಗೆ ಕಳಿಸದೆಯೇ ರಕ್ಷಣೆ ಕೇಳಬಹುದು, ಇದು ಎಫ್‌ಐಆರ್‌ನಿಂದಲೇ ಶುರುವಾಗಬೇಕಿಲ್ಲ. ಎರಡನೆಯದು, ಮನೆ ಯಾರ ಹೆಸರಿನಲ್ಲಿದ್ದರೂ ಅವಳು ಬಾಳುತ್ತಿರುವ ಮನೆಯಿಂದ ಅವಳನ್ನು ಸುಮ್ಮನೆ ಹೊರಹಾಕುವಂತಿಲ್ಲ. ಮೂರನೆಯದು, ಖರ್ಚಿಗೆ ಕೊಡದಿರುವುದು, ಅವಳ ದುಡಿಮೆ ಕಿತ್ತುಕೊಳ್ಳುವುದು ಕೂಡ ಹಿಂಸೆಯೇ. ನಮ್ಮ ರಾಜ್ಯದಲ್ಲಿ ಸಿಡಿಪಿಒ, ಅಂದರೆ ಅಂಗನವಾಡಿಗಳ ಉಸ್ತುವಾರಿಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರು ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಸಾಂತ್ವನ ಕೇಂದ್ರ ಮತ್ತು ಸಖಿ ಒನ್ ಸ್ಟಾಪ್ ಸೆಂಟರ್‌ಗಳಲ್ಲಿ ಸಮಾಲೋಚನೆ, ತಾತ್ಕಾಲಿಕ ಆಸರೆ ಸಿಗುತ್ತದೆ.

ಈ ದಾರಿಯಲ್ಲಿ ಆರೋಗ್ಯ ಕೇಂದ್ರ ಮಾಡಬೇಕಾದ ದೊಡ್ಡ ಕೆಲಸ ಬರೆಯುವುದು. ‘ಮೆಟ್ಟಿಲಿಂದ ಬಿದ್ದೆ’ ಎಂದು ಹೇಳುವವಳ ಎರಡೂ ತೋಳಿನ ಮೇಲೆ ಬೆರಳಿನ ಗುರುತು ಇದ್ದರೆ, ಗಾಯ ಎಲ್ಲಿದೆ, ಎಷ್ಟಿದೆ, ಯಾವ ಬಣ್ಣದಲ್ಲಿದೆ ಎಂದು ಚೀಟಿಯಲ್ಲಿ ಬರಲಿ. ಅವಳು ಇವತ್ತು ದೂರು ಕೊಡದಿರಬಹುದು. ಎರಡು ವರ್ಷದ ನಂತರ ಕೊಟ್ಟಾಗ ಆ ಚೀಟಿಯೇ ಸಾಕ್ಷಿ. ಚಿಕಿತ್ಸೆ ನಿರಾಕರಿಸುವಂತಿಲ್ಲ, ಅತ್ಯಾಚಾರ, ಆಸಿಡ್ ದಾಳಿಗೆ ಒಳಗಾದವರಿಗಂತೂ ಸರ್ಕಾರಿ, ಖಾಸಗಿ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತವಾಗಿ ಪ್ರಥಮ ಚಿಕಿತ್ಸೆ ಕೊಡಲೇಬೇಕು. ಮತ್ತೆ, ದೂರು ಕೊಡುವುದು ಬಿಡುವುದು ಅವಳ ತೀರ್ಮಾನ. ನೀವು ಅವಸರಿಸಿದರೆ ಅವಳು ಮುಂದಿನ ಸಲ ಬರುವುದೇ ಇಲ್ಲ.

ಮಕ್ಕಳು ಕೈಬಿಟ್ಟ ಹಿರಿಯರು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಂತೆ ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಅವರ ಮುಂದೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೂ ನಡೆಯುತ್ತದೆ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಆದೇಶಿಸಬಹುದು. ಇನ್ನೂ ಆಸ್ತಿ ಬರೆದುಕೊಡದ ಹಿರಿಯರು ಸಿಕ್ಕರೆ ಹೇಳಿ: ದಾನಪತ್ರ ಬರೆಸುವುದೇ ಆದರೆ ‘ನನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದಲ್ಲೇ ಇರಲಿ. ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನು ರದ್ದು ಮಾಡಿಸುವ ಬಲ ಅದರಿಂದ ಬರುತ್ತದೆ.

ಸಾಲದ ಕಾಟ. ನಿದ್ರೆ ಬರುವುದಿಲ್ಲ, ಎದೆ ಡವಡವ ಎನ್ನುತ್ತದೆ ಎಂದು ಬರುವ ಹೆಂಗಸರಲ್ಲಿ ಎಷ್ಟೋ ಮಂದಿಯ ಚೀಲದಲ್ಲಿ ನಾಲ್ಕೈದು ಮೈಕ್ರೊಫೈನಾನ್ಸ್ ಕಂತಿನ ಕಾರ್ಡುಗಳಿರುತ್ತವೆ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕಿರುಸಾಲದ ವಸೂಲಿಗೆ ಕಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿದೆ. ಯಾರು ಬಂದರು, ಎಷ್ಟು ಹೊತ್ತಿಗೆ, ಏನೆಂದರು ಎಂದು ಬರೆದಿಡಲು ಹೇಳಿ. ಠಾಣೆಗೆ ಹೋಗುವಾಗ ಆ ಪಟ್ಟಿ ಜೊತೆಗಿರಲಿ.

ಮನಸ್ಸಿನ ಕಾಯಿಲೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಆದರೆ ಈ ಕಾಯಿಲೆ ಇರುವವರ ಆಸ್ತಿ ಪಾಲು ಕದಿಯುವುದು, ಮದುವೆ ಮುರಿದು ಬರಿಗೈಲಿ ತವರಿಗೆ ಕಳಿಸುವುದು ಎಲ್ಲೆಡೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇವರಿಗೆ ಉಚಿತ ಕಾನೂನು ನೆರವಿನ ಹಕ್ಕು ಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್ ಆವರಣದಲ್ಲೇ ಕಾನೂನು ನೆರವು ಕೇಂದ್ರ ಇದೆ. ಚಿಕಿತ್ಸೆಗೆ ಅಲ್ಲಿಗೆ ಹೋಗುವವರಿಗೆ ಇದನ್ನೂ ತಿಳಿಸಿ ಕಳಿಸಿ.

ಹೆಜ್ಜೆ 5: ವಕೀಲರು ಬೇಕಾದಾಗ

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯ ಮಿತಿ 3 ಲಕ್ಷ. ತಾಲೂಕು ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ, ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರ ಇರುತ್ತದೆ. ಕೋರ್ಟಿನ ಗೇಟು ದಾಟಲು ಹೆದರುವವರಿಗೆ ನಿಮ್ಮ ಸಣ್ಣ ಪತ್ರವೊಂದು ಧೈರ್ಯ ಕೊಡುತ್ತದೆ. ಹೀಗೆ ಬರೆದರೆ ಸಾಕು:

‘ಸದಸ್ಯ ಕಾರ್ಯದರ್ಶಿಗಳು, ತಾಲೂಕು ಕಾನೂನು ಸೇವಾ ಸಮಿತಿ, ಇವರಿಗೆ. ಮಾನ್ಯರೇ, ಈ ಪತ್ರ ತರುತ್ತಿರುವವರು ನಮ್ಮ ಆರೋಗ್ಯ ಕೇಂದ್ರದ ವ್ಯಾಪ್ತಿಯ ನಿವಾಸಿ. ಗಂಡ ತೀರಿಕೊಂಡ ನಂತರ ಇವರನ್ನು ಮನೆಯಿಂದ ಹೊರಹಾಕಲಾಗಿದೆ. ಇಬ್ಬರು ಸಣ್ಣ ಮಕ್ಕಳಿದ್ದಾರೆ. ಇವರ ಒಪ್ಪಿಗೆಯಂತೆ ಉಚಿತ ಕಾನೂನು ನೆರವಿಗಾಗಿ ತಮ್ಮ ಬಳಿ ಕಳಿಸುತ್ತಿದ್ದೇವೆ. ಮುಂದಿನ ಕ್ರಮವನ್ನು ಇವರಿಗೂ ನಮಗೂ ತಿಳಿಸಬೇಕೆಂದು ಕೋರಿಕೆ.’

ಕಾಯಿಲೆಯ ವಿವರ ಇದರಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಸಮಿತಿ ನೇಮಿಸಿದ ವಕೀಲರು ಹಣ ಕೇಳಿದರೆ ಕೊಡಬಾರದು, ಅದೇ ಕಾರ್ಯದರ್ಶಿಗಳಿಗೆ ಲಿಖಿತವಾಗಿ ತಿಳಿಸಬೇಕು. ಸಮಿತಿಯ ಅರೆಕಾನೂನು ಸ್ವಯಂಸೇವಕರು ಅರ್ಜಿ ಬರೆಯಲು, ಕಚೇರಿಗೆ ಜೊತೆ ಹೋಗಲು ಸಿಗುತ್ತಾರೆ, ನಿಮ್ಮ ಭಾಗದವರು ಯಾರೆಂದು ಕೇಳಿಕೊಳ್ಳಿ. ವಿಮೆ ಕಂಪನಿ ಕ್ಲೇಮು ತಳ್ಳಿಹಾಕಿದರೆ, ಆಸ್ಪತ್ರೆಯ ಸೇವೆಯ ಬಗ್ಗೆ ತಕರಾರಿದ್ದರೆ ಕಾಯಂ ಲೋಕ ಅದಾಲತ್‌ಗೆ ಹೋಗಬಹುದು, ಕೋರ್ಟ್ ಶುಲ್ಕ ಇಲ್ಲ.

ಹೆಜ್ಜೆ 6: ಬೆನ್ನು ಹತ್ತುವುದು

ನಮ್ಮಲ್ಲಿ ಕೆಲಸ ಸೋಲುವುದು ಇಲ್ಲೇ. ‘ನಾಡಕಚೇರಿಗೆ ಹೋಗಿ’ ಎಂದು ಚೀಟಿ ಬರೆದುಕೊಟ್ಟಲ್ಲಿಗೆ ನಮ್ಮ ಹೊಣೆ ಮುಗಿಯಿತು ಎಂದುಕೊಳ್ಳುತ್ತೇವೆ. ರೋಗಿ ಹೋಗುತ್ತಾರೆ, ಸರ್ವರ್ ಇಲ್ಲ ಎನ್ನುತ್ತಾರೆ, ಮತ್ತೊಂದು ದಿನದ ಕೂಲಿ ಕಳೆದುಕೊಳ್ಳಲಾಗದೆ ಸುಮ್ಮನಾಗುತ್ತಾರೆ. ಪಿಂಚಣಿ ಖಾತೆಗೆ ಬಂದ ದಿನ, ರೇಷನ್ ಕೈಗೆ ಸಿಕ್ಕ ದಿನ ಆ ಹೆಸರಿನ ಮುಂದೆ ಗುರುತು ಹಾಕಿ, ಅದಕ್ಕೂ ಮೊದಲು ಬೇಡ.

ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಹೆಸರಿನ ಬದಲು ನಿಮಗೆ ಮಾತ್ರ ತಿಳಿಯುವ ಗುರುತು, ತೊಂದರೆ, ಯಾವ ಕಚೇರಿ, ಯಾವ ತಾರೀಖು, ಮುಂದೆ ಯಾವಾಗ ಕೇಳಬೇಕು. ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಕೇಳಿ ಪಡೆಯಿರಿ. ಅದರಲ್ಲಿ ಜಿಎಸ್‌ಸಿ ಎಂಬ 15 ಅಂಕಿಯ ಅರ್ಜಿ ಸಂಖ್ಯೆ ಇರುತ್ತದೆ. 2011ರ ಸಕಾಲ ಕಾಯ್ದೆಯಂತೆ ಪ್ರತಿ ಸೇವೆಗೂ ದಿನಗಳ ಮಿತಿ ಇದೆ. ಮೀರಿದರೆ ಮೇಲ್ಮನವಿ ಸಲ್ಲಿಸಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ಪರಿಹಾರದ ಮೊತ್ತ ಸಣ್ಣದು, ಆದರೆ ಆ ಸಂಖ್ಯೆ ಕೈಯಲ್ಲಿದ್ದರೆ ‘ನಾಳೆ ಬಾ’ ಎನ್ನುವುದು ಅಷ್ಟು ಸುಲಭವಲ್ಲ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ‘ಆಗಲ್ಲ’ಕ್ಕೆ ಮೇಲ್ಮನವಿ ಹಾಕಲು ಬರುವುದಿಲ್ಲ.

ಸಾಧ್ಯವಿದ್ದಾಗ ಜೊತೆಯಲ್ಲಿ ಯಾರಾದರೂ ಹೋಗಲಿ. ಆದರೆ ಇದನ್ನೆಲ್ಲ ಆಶಾ ಕಾರ್ಯಕರ್ತೆಯರ ತಲೆಗೆ ಪುಕ್ಕಟೆಯಾಗಿ ಕಟ್ಟುವುದು ಸರಿಯಲ್ಲ. ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತದ್ದನ್ನು ನಾಡೇ ನೋಡಿದೆ. ಓಡಾಟದ ಕೆಲಸ ಸ್ವಸಹಾಯ ಸಂಘ, ವಿಆರ್‌ಡಬ್ಲ್ಯು, ಅರೆಕಾನೂನು ಸ್ವಯಂಸೇವಕರು, ಕಾಲೇಜಿನ ಎನ್‌ಎಸ್‌ಎಸ್ ಹುಡುಗ ಹುಡುಗಿಯರ ನಡುವೆ ಹಂಚಿಕೆಯಾಗಲಿ. ಬಸ್ ಖರ್ಚನ್ನಾದರೂ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಇಟ್ಟು ಕೇಳಿ.

ಹೆಜ್ಜೆ 7: ಒಬ್ಬರದಲ್ಲ, ಊರಿನದು ಎಂದಾದರೆ

ನೋಟ್‌ಬುಕ್ಕನ್ನು ಮೂರು ತಿಂಗಳಿಗೊಮ್ಮೆ ತಿರುವಿ ಹಾಕಿ. ಒಂದೇ ತೊಂದರೆ ಹತ್ತು ಮನೆಗಳಲ್ಲಿ ಕಂಡರೆ ಹತ್ತು ಅರ್ಜಿ ಹಿಡಿದು ಹತ್ತು ಸಲ ಓಡುವ ಬದಲು ಒಂದು ಶಿಬಿರ ಕೇಳಿ. ಬೆರಳಚ್ಚಿನ ತೊಂದರೆಯಾದರೆ ಪಂಚಾಯಿತಿಯಲ್ಲಿ ಆಧಾರ್ ಶಿಬಿರ, ಪಿಂಚಣಿಯಾದರೆ ಪಿಂಚಣಿ ಅದಾಲತ್, ಅಂಗವಿಕಲರಾದರೆ ಯುಡಿಐಡಿ ತಪಾಸಣಾ ಶಿಬಿರ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಮೊದಲು ಮಾತಾಡಿ, ನಂತರ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಅಲ್ಲಿ ಲೆಕ್ಕ ಹೇಳಿ, ಹೆಸರು ಹೇಳಬೇಡಿ. ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಪತ್ರ ಬರೆದು, ತಿಂಗಳಿಗೊಮ್ಮೆ ಬಿ.ಪಿ., ಶುಗರ್ ಮಾತ್ರೆ ಕೊಡುವ ದಿನವೇ ಒಬ್ಬ ವಕೀಲರನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಲು ಕೇಳಿ. ಅವರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಎರಡು ಕುರ್ಚಿ ಬೇಕಾಗುತ್ತದೆ. ಯಾವ ಕೋಣೆ ಎಂದು ವೈದ್ಯಾಧಿಕಾರಿಗಳ ಜೊತೆ ಮೊದಲೇ ಮಾತಾಡಿ ಗೊತ್ತುಮಾಡಿಕೊಂಡು, ಆ ಮೇಲೆ ಪತ್ರ ಕಳಿಸಿ.